ಜಾಲರಿ

ರಾತ್ರಿ ಎರಡೂಕಾಲಿಗೆ ಪಂಪು ಕೆಮ್ಮಿತು.
ಹಿದ್ದ್ ಊರಿನ ಕಡಲಂಚಿನಲ್ಲಿ
ಉಪ್ಪು ಕಳೆದು ನೀರು ಮಾಡುವವರು ನಾವು
ಜಾಲರಿಗೆ ಟಾರ್ಚು ಬಿಟ್ಟೆವು:
ಲೋಳೆಮೀನು. ಸಾವಿರವೋ ಲಕ್ಷವೋ,
ಕಡಲೇ ಕೆನೆಗಟ್ಟಿದ ಹಾಗೆ.

ಮಿದುಳಿಲ್ಲ, ಎಲುಬಿಲ್ಲ, ಎದೆಯಲ್ಲಿ ಡವಡವವೂ ಇಲ್ಲ.
ಮೀನಿಗೆ ಮುಳ್ಳು ಮೂಡುವ ಮೊದಲೇ ಇದ್ದವಂತೆ.
ನೂರಕ್ಕೆ ತೊಂಬತ್ತೈದು ಪಾಲು ಬರೀ ನೀರು;
ಮಿಕ್ಕ ಐದರ ಬಲದಲ್ಲಿ
ಒಂದು ಊರಿನ ನಲ್ಲಿ ನಿಲ್ಲಿಸಿದವು.

ಮೊತಾಲೆಬ್ ಸಲಿಕೆ ಹಿಡಿದು ಬಾಚತೊಡಗಿದ.
‘ಭಾಯ್, ಇವಕ್ಕೆ ನೋವಾಗತ್ತಾ?’
ನಾನು ಕೆಮಿಸ್ಟು. ರಾಯಚೂರಿನ ಹಾರುಬೂದಿಯಲ್ಲಿ
ಬಾಯ್ಲರಿನ ನೀರು ಅಳೆದು ಕಲಿತದ್ದು ವಿದ್ಯೆ.
‘ನರಗಳದೊಂದು ಬಲೆ ಇದೆ’ ಅಂದೆ.
ಅದು ಉತ್ತರವಲ್ಲ. ಅವನಿಗೂ ಗೊತ್ತಾಯಿತು.

ಖಮೀಸ್ ಮಾತ್ರ ಕತ್ತಲೆಯನ್ನೇ ನೋಡುತ್ತಿದ್ದ.
ಅವನಜ್ಜ ಮುತ್ತಿಗೆ ಮುಳುಗುತ್ತಿದ್ದವನು,
ಕಡಲ ತಳದ ಸಿಹಿ ಒರತೆಗಳ ಗುರುತು ಬಲ್ಲವನು.
ತೊಗಲಚೀಲದ ಬಾಯಿ ಬಿಗಿಹಿಡಿದು ಇಳಿದು
ಉಪ್ಪಿನಡಿಯ ಸಿಹಿ ತುಂಬಿಕೊಂಡು
ಉಸಿರು ಮುಗಿಯುವ ಮುಂಚೆ ಮೇಲೆ.
‘ಒಂದು ಉಸಿರಿಗೆ ಎಷ್ಟೋ ಅಷ್ಟೇ ತರುತ್ತಿದ್ದರು.
ನಮ್ಮ ಪಂಪಿಗೆ ಉಸಿರೇ ಕಟ್ಟುವುದಿಲ್ಲವಲ್ಲ’ ಎಂದ,
ಕಟ್ಟಿ ನಿಂತ ಪಂಪಿನ ಪಕ್ಕ ನಿಂತು.

ನಾವು ತಿರುಗಿ ಬಿಡುವ ಬಿಸಿ ಉಪ್ಪುನೀರಿಗೆ
ಬೆಚ್ಚಗೆಂದು ಬಂದವೋ ಏನೋ ಇವು.
ಕರೆದವರೂ ನಾವೇ ಇರಬಹುದು.

ಕಡಲಲ್ಲಿ ಲೀಟರಿಗೆ ನಲವತ್ತೈದು ಗ್ರಾಂ ಉಪ್ಪು.
ನನ್ನ ರಕ್ತದಲ್ಲಿ ಒಂಬತ್ತು: ಯಾವ ಕಾಲದಲ್ಲೋ
ದಡ ಹತ್ತುವಾಗ ಕಟ್ಟಿಕೊಂಡ ಬುತ್ತಿ.
ಇವಕ್ಕೆ ಒಳಗೂ ಅಷ್ಟೇ, ಹೊರಗೂ ಅಷ್ಟೇ,
ನಾನು-ಅದು ಎಂಬ ಬೇಲಿ ಹಾಕಿದವಲ್ಲ.
ಇದನ್ನೇ ಅದ್ವೈತ ಅನ್ನಬಹುದಿತ್ತು,
ಸಲಿಕೆಯಲ್ಲಿ ಬಾಚುತ್ತಿರದಿದ್ದರೆ.

ಬಾಂಗಿನ ಹೊತ್ತಿಗೆ ನಮ್ಮ ನಲ್ಲಿಯೂ ಒಣಗಿತ್ತು.
ಉಳಿದದ್ದು ಒಂದೇ ಬಾಟಲಿ. ನೀಡಿದೆ.
‘ಅದು ಆ ಹುಡುಗನ ಗಂಟಲಿಗೆ’ ಎಂದು
ಖಮೀಸ್ ಬೇಲಿಯಾಚೆ ಕೂತು
ಎರಡೂ ಅಂಗೈ ಮಣ್ಣಿಗೆ ಒತ್ತಿ, ಕೊಡವಿ,
ಮುಖ ಸವರಿಕೊಂಡ, ಕೈ ಸವರಿಕೊಂಡ.
ನೀರಿಲ್ಲದಾಗ ಮಣ್ಣು ಸಾಕು.
ನನ್ನ ಕೈಪಿಡಿಯಲ್ಲಿ ಆ ಪುಟ ಇಲ್ಲ.

ಅವನ ಹಣೆಯ ಮೇಲೆ ದೂಳು ಹಾಗೇ ಇತ್ತು,
ಮೊತಾಲೆಬನ ಮೊಣಕೈವರೆಗೆ ಲೋಳೆ ಹೊಳೆಯುತ್ತಿತ್ತು,
ನನ್ನ ಬೆರಳಲ್ಲಿ ಪೆನ್ನು.

ಐದೂವರೆಗೆ ಪಂಪು ಹಿಡಿಯಿತು.
ದಿನಚರಿಯ ಕಲಮು: ಅಡಚಣೆ ಯಾರಿಂದ?
ಬರೆಯಲು ಹೋಗಿ ನಿಂತೆ.
ಬೆಳಗಿನ ಪಾಳಿಯವನು ಬಂದು, ಆಕಳಿಸುತ್ತ,
‘ಎಷ್ಟು ಟನ್ನು?’ ಅಂದ.
ಹನ್ನೊಂದು.
ಅಷ್ಟನ್ನು ಬರೆದೆ.