ಉಪ್ಪಳದಲ್ಲಿ ಬಿಸಿನೀರು

ಮೇ ತಿಂಗಳು. ಗೋಡೆಯೂ ಬೆವರುತ್ತದೆ.
ಒಗೆದ ಅಂಗಿಗೆ ಒಣಗುವ ಮೊದಲೇ ಮುಗ್ಗಲು ನಾತ.
ಇಂಥ ಸೆಕೆಗೆ ಯಾರಾದರೂ ಗೀಸರು ಕೊಳ್ಳುತ್ತಾರಾ
ಎಂದು ಅಂಗಡಿಯ ಹುಡುಗ ಕೇಳಲಿಲ್ಲ,
ಬಿಲ್ಲು ಬರೆಯುತ್ತ ಬರೇ ನಕ್ಕ.

ಹಳೆಯದು ಅಡಿಯಿಂದ ಸೋರಲು ಹಿಡಿದಿತ್ತು.
ಮೊದಲು ತೊಟ್ಟು, ಆಮೇಲೆ ದಾರ,
ಆಮೇಲೆ ಬಚ್ಚಲ ಗೋಡೆಯುದ್ದಕ್ಕೂ
ಯಾವ ಸೋಪಿಗೂ ಬಗ್ಗದ ಕಂದು ಗೆರೆ.
ಕಲೆಯ ವಿಷಯ ನನಗೆ ಗೊತ್ತು,
ಇಸ್ತ್ರಿ ನನ್ನ ಕಸುಬು.

ಸೂಪಿ ಬಂದ. ಮೇನ್ ಆರಿಸಿ ಸ್ಟೂಲು ಹತ್ತಿದ.
ನನ್ನೊಡನೆ ತುಳು, ಫೋನಿನೊಡನೆ ಮಲಯಾಳ,
ತುಕ್ಕು ಹಿಡಿದು ಕೂತ ನಟ್ಟಿನೊಡನೆ
ಯಾವ ಲಿಪಿಯಲ್ಲೂ ಬರೆಯಲಾಗದ ಮಾತು.
ಮದುವೆಮನೆಯ ಸಾರಿನ ಪಾತ್ರೆಯ ಹಾಗೆ
ಇಬ್ಬರೂ ಹಿಡಿದು ಕೆಳಗಿಳಿಸಿದೆವು.
ಹೊಟ್ಟೆಯೊಳಗಿಂದ ಮೂರು ಬೊಗಸೆ ಬಿಳಿ ಹುಡಿ,
ಚಿಪ್ಪಿನ ಚೂರಿನಂಥ ಹಕ್ಕಳೆ.
ಹನ್ನೊಂದು ವರ್ಷ ನಮ್ಮ ಕೊಳವೆಬಾವಿ
ಕಾಯಿಸಿಕೊಂಡು ಬಿಟ್ಟುಹೋದದ್ದು.
"ಊರಿನ ಹೆಸರಲ್ಲೇ ಉಪ್ಪು ಇಟ್ಟುಕೊಂಡು
ನೀರಿಗೆ ಬಯ್ದರೆ ಎಂತ ಪ್ರಯೋಜನ?"

ಆಮೇಲೊಂದು ತಂತಿ ಎಳೆದು ತೋರಿಸಿದ.
ಹೊಸದಿದ್ದಾಗ ಹೆಬ್ಬೆರಳ ದಪ್ಪದ ಸರಳಂತೆ.
ಉಪ್ಪು ಮೊದಲು ಇದನ್ನು ತಿನ್ನುತ್ತದಂತೆ,
ಇದು ಮುಗಿದ ಮೇಲೇ ಟ್ಯಾಂಕಿಗೆ ಬಾಯಿ ಹಾಕುವುದು.
"ಎರಡು ವರ್ಷಕ್ಕೊಮ್ಮೆ ಬದಲಿಸಬೇಕಿತ್ತು.
ಯಾರೂ ಹೇಳಲಿಲ್ಲವಾ?"

ಹೇಳಿತ್ತು, ಕಾರ್ಡು ಹೇಳಿತ್ತು.
ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಅಡಿಗೆ
ಆ ಕಾಗದ ಇನ್ನೂ ಉಂಟು:
ಇಂಗ್ಲಿಷು, ಹಿಂದಿ, ಮಲಯಾಳ, ತಮಿಳು.
ನನ್ನ ಅಕ್ಷರ ಹುಡುಕಿ, ಸಿಗದೆ
ಮಡಚಿಟ್ಟವ ನಾನೇ, ಸ್ವಲ್ಪ ಸಿಟ್ಟಿನಲ್ಲೇ.
ಮಲಯಾಳ ಮಾತಾಡುತ್ತೇನೆ, ಓದುವುದಿಲ್ಲ
ಎನ್ನುವುದು ಐವತ್ತು ವರ್ಷದ ನನ್ನ ಹಟ.
ಹಟದ ಬೆಲೆ ಒಂಬತ್ತು ಸಾವಿರದ ಇನ್ನೂರು,
ಫಿಟ್ಟಿಂಗ್ ಬೇರೆ.

ನನಗಾದರೆ ಇದು ಬೇಡವೇ ಬೇಡ.
ದಿನವಿಡೀ ಕೆಂಡದ ಪೆಟ್ಟಿಗೆ ಹಿಡಿದು ನಿಂತವನಿಗೆ
ನಾಲ್ಕು ಚೊಂಬು ತಣ್ಣೀರು, ಮುಗಿಯಿತು.

ಜಲಜಾಕ್ಷಿಗೆ ಕೆಲಸ ಸಿಗಡಿ ಕಂಪೆನಿಯಲ್ಲಿ.
ಬೆಳಿಗ್ಗೆ ಏಳರಿಂದ ಐಸಿನೊಳಗೆ ಕೈ.
ತಲೆ ಮುರಿ, ಸಿಪ್ಪೆ ಸುಲಿ, ಕಪ್ಪು ನರ ಎಳೆ,
ಮತ್ತೆ ಐಸು.
ಹೊರಗೆ ಟಾರು ಕರಗುವಾಗ
ಸ್ವೆಟರಿನ ಮೇಲೆ ಏಪ್ರನ್ ಕಟ್ಟಿಕೊಂಡು
ಅವಳು ಬೇರೆಯದೇ ಹವೆಯಲ್ಲಿ ಇರುತ್ತಾಳೆ.
ಸಂಜೆ ಬಸ್ಸಿನಲ್ಲಿ ಎಲ್ಲರೂ ಸೆರಗು ಬೀಸುತ್ತಾರೆ,
ಇವಳೊಬ್ಬಳು ಬೆರಳುಗಳನ್ನು ಕಂಕುಳಲ್ಲಿಟ್ಟು ಕೂತಿರುತ್ತಾಳೆ.

ಗೀಸರಿಲ್ಲದ ಮೂರನೆಯ ದಿನ
ಬಸ್ಸಿಳಿದವಳು ಮನೆಗೆ ಹೋಗದೆ ಅಂಗಡಿಗೇ ಬಂದಳು.
ಆಗಷ್ಟೇ ಇಸ್ತ್ರಿ ಹಾಕಿದ ಯಾರದ್ದೋ ಬಿಳಿ ಮುಂಡು.
ಎರಡೂ ಅಂಗೈ ಅದರ ಮೇಲೆ ಊರಿ
ಕಣ್ಣು ಮುಚ್ಚಿದಳು.
"ಮೀನಿನ ವಾಸನೆ ಹಿಡಿಯುತ್ತದೆ ಮಾರಾಯ್ತಿ"
ಎನ್ನಲು ಹೊರಟವನು ಸುಮ್ಮನಾದೆ.
ಆ ಬಿಸಿ ಆರಿತು.
ಇನ್ನೊಂದು ಮುಂಡು ತೆಗೆದೆ.

ಮರುದಿನ ಬೆಳಿಗ್ಗೆ ಸಾಲ ತೆಗೆದೆ.

ಗುಜರಿಯವ ಹಳೆಯದನ್ನು ತೂಗಿ ಕೊಂಡುಹೋದ.
ಸವೆದ ತಂತಿ ಮಾತ್ರ ನಾನಿಟ್ಟುಕೊಂಡೆ,
ಯಾಕೆಂದು ಸೂಪಿ ಕೇಳಿದರೆ
"ಪೆಟ್ಟಿಗೆಯ ಬೂದಿ ಕೆರೆಯಲಿಕ್ಕೆ" ಎಂದೆ.
ಹೋಗುವಾಗ ಅವನು ಹೊಸ ಟ್ಯಾಂಕಿನ ಬೆನ್ನಿಗೆ
ಮಾರ್ಕರಿನಲ್ಲಿ ಸರಳು ಬದಲಿಸುವ ತಿಂಗಳು ಬರೆದ,
ಮಲಯಾಳದಲ್ಲಿ, ಬೇಕೆಂತಲೇ.
ಅವನು ಹೋದ ಮೇಲೆ ಸ್ಟೂಲು ಹತ್ತಿ
ಒಂದೊಂದೇ ಅಕ್ಷರ ಕೂಡಿಸಿದೆ.
ನಮ್ಮ ಲಿಪಿಯ ದಾಯಾದಿಯೇ, ಬಾಲ ಸ್ವಲ್ಪ ಉದ್ದ.

ಈಗ ಒಳಗೆ ನೀರು ಬೀಳುತ್ತಿದೆ.
ಇಪ್ಪತ್ತು ನಿಮಿಷವಾಯಿತು.
ಬಾಗಿಲ ಅಡಿಯಿಂದ ಹಬೆ ಬಂದು
ಮೊದಲೇ ಬೆಂದ ನನ್ನ ಕಾಲು ಮುಟ್ಟುತ್ತದೆ.
ಹೆಗಲ ಮೇಲೆ ಬೈರಾಸು, ಮೈಯೆಲ್ಲ ಬೆವರು,
ನನ್ನ ನಾಲ್ಕು ಚೊಂಬಿಗೆ ಕಾದು ನಿಂತಿದ್ದೇನೆ.
ತಟ್ಟುವುದಿಲ್ಲ.