ಬಾಣಕ್ಕೆ ಎದುರಾಗಿ

ನವೆಂಬರಿನಲ್ಲಿ ತೆಗೆದದ್ದು ಮೂರು ಕೊಂಡಿ.
ಖಾಲಿಯಾದ ಮಾತ್ರೆಯ ಶೀಶೆಗೆ ಹಾಕಿ
ಮುಚ್ಚಳ ತಿರುವಿ, ಉಪ್ಪಿನ ಡಬ್ಬಿಯ ಹಿಂದೆ ಇಟ್ಟಿದ್ದೆ.
ಎಷ್ಟೆಂದು ಅವನಿಗೆ ಹೇಳಿರಲಿಲ್ಲ.

ಆಗ ಕಜಾನಿನ ಆಸ್ಪತ್ರೆಯಿಂದ ಬಂದು ಹತ್ತು ದಿನ.
ಹೊಟ್ಟೆಯ ಅರ್ಧ ಅಲ್ಲೇ ಬಿಟ್ಟು ಬಂದಿದ್ದ ಇಲ್ಗಿಜ್.
ಕೈಯೆತ್ತಿ ಟೋಪಿ ತೆಗೆದರೆ
ವಾಚು ಮಣಿಕಟ್ಟು ಬಿಟ್ಟು ಮೊಣಕೈಗೆ ಓಡುವುದು,
ಇಳಿಸಿದರೆ ಬೆರಳ ಬುಡಕ್ಕೆ ಜಾರಿ ನಿಲ್ಲುವುದು.
'ಗಂಟೆಗೂ ನಿಂತಲ್ಲಿ ನಿಲ್ಲಲಾಗದು ನೋಡು' ಎಂದು ನಕ್ಕಿದ್ದ.
ಆ ಮುಖಕ್ಕೆ ನಗುವೂ ಅಳತೆ ಮೀರಿ ದೊಡ್ಡದಾಗಿತ್ತು.

ವಾಚು ಹುಟ್ಟಿದ್ದು ನಮ್ಮ ಚಿಸ್ತೊಪೋಲಿನ ಕಾರ್ಖಾನೆಯಲ್ಲೇ,
ರಿಪೇರಿಯವನಿಗೇನು ಬರವಿಲ್ಲ ಇಲ್ಲಿ.
ಆದರೆ ಅವನು ಕೊಂಡಿ ಎಣಿಸುತ್ತಾನೆ.
ಸಂಜೆಯೊಳಗೆ ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ
ಮೂರಂತೆ, ಮೂರು, ಎಂದು ಪಿಸುಗುಟ್ಟುತ್ತಾರೆ.

ಈಗ ಮಾರ್ಚು ಮುಗಿಯುತ್ತ ಬಂತು. ಕಾಮಾ ನದಿಯ ಮಂಜುಗಡ್ಡೆ
ರಾತ್ರಿಯೆಲ್ಲ ನೆಟಿಗೆ ಮುರಿಯುತ್ತದೆ.
ಲಾರಿಗಳಿಗೆ ಆಚೆ ದಡದ ದಾರಿ ಮುಚ್ಚಿದ್ದಾರೆ.
ಊಟದ ನಡುವೆ ಎಡಗೈ ಚಾಚಿ
ಚಾಡಿ ಹೇಳುವ ಹುಡುಗನ ಹಾಗೆ ಅಂದ:
'ಕಚ್ಚುತ್ತಿದೆ.'
ಚರ್ಮದ ಮೇಲೆ ಕೊಂಡಿಕೊಂಡಿಯ ಅಚ್ಚು,
ಕೆಂಪಗೆ. ಒಂದು ಕೂದಲು ಸಿಕ್ಕಿಕೊಂಡಿತ್ತು.
ನಾನೇನೂ ಅನ್ನಲಿಲ್ಲ. ಅವನ ತಟ್ಟೆಗೆ
ಇನ್ನೊಂದು ತುಂಡು ಬೆಲಿಶ್ ಹಾಕಿದೆ,
ಬಾತಿನ ಮಾಂಸ ಹೆಚ್ಚಿರುವ ಕಡೆಯಿಂದ.

ಮೇಜು ಒರೆಸಿ ಬಿಳಿ ಟವೆಲು ಹಾಸಿದೆ,
ಬಿದ್ದದ್ದು ಕಾಣಬೇಕಲ್ಲ.
ತುದಿ ಮುರಿದ ಗೋಣಿಸೂಜಿ.
ಅಡಿಗೆ ದಾರ ಮುಗಿದ ಮರದ ರೀಲು, ಅದರ ತೂತಿಗೆ
ಪಿನ್ನು ನೆಟ್ಟಗೆ ಇಳಿಯುತ್ತದೆ.
ಸಕ್ಕರೆಗಟ್ಟಿ ಒಡೆಯುವ ಪುಟ್ಟ ಸುತ್ತಿಗೆ, ಅತ್ತೆಯದು.
ಮೂವತ್ತೊಂದು ವರ್ಷದ ಹೊಲಿಗೆಯವಳು ನಾನು,
ಊರಿನ ಅರ್ಧ ಗಂಡಸರ ಸೊಂಟ ಹಿಡಿದು ಬಿಟ್ಟು ಮಾಡಿದ್ದೇನೆ.
ಬಟ್ಟೆಗಾದರೆ ಒಳಮಡಿಕೆ ಬಿಟ್ಟಿರುತ್ತೇವೆ. ಲೋಹಕ್ಕೆಲ್ಲಿ?
ಆ ಶೀಶೆಯೇ ಅದರ ಒಳಮಡಿಕೆ.

ಚೈನಿನ ಒಳಮೈ ತಿರುವಿದರೆ ಸಣ್ಣ ಬಾಣಗಳು,
ಇರುವೆ ಗೀಚಿದಷ್ಟು. ಪಿನ್ನು ಹೊರಡುವ ದಿಕ್ಕು.
ಆ ದಾರಿಯಲ್ಲಿ ತಟ್ಟಿದರೆ ಹಟ ಮಾಡದೆ ಬರುತ್ತದೆ.
ನವೆಂಬರಿನಲ್ಲಿ ಒಂದೊಂದೂ ಎಷ್ಟು ಸಲೀಸಾಗಿ ಬಂದಿತ್ತು!
ನನಗೆ ಹೆದರಿಕೆಯಾದದ್ದು ಅದಕ್ಕೇ.
ವಾಪಸು ಬರುವುದಕ್ಕೆ ಯಾರೂ ಬಾಣ ಕೆತ್ತಿಲ್ಲ,
ಎದುರು ದಿಕ್ಕೆಂದು ನಾವೇ ತಿಳಿಯಬೇಕು,
ತಿಳಿದು, ತುಸು ಜೋರಾಗಿ ಹೊಡೆಯಬೇಕು.

ಹೊಡೆದೆ. ಪಿನ್ನು ಸಿಡಿದು ಒಲೆಯಡಿಗೆ ಹೋಯಿತು.
ಇಲ್ಗಿಜ್ ಕುರ್ಚಿ ಸರಿಸಿ ಮಂಡಿಯೂರಿದ,
ಕೆನ್ನೆ ನೆಲಕ್ಕೊತ್ತಿ ಟಾರ್ಚು ಹಿಡಿದ.
ಐದು ತಿಂಗಳಲ್ಲಿ ಅಷ್ಟು ಬಗ್ಗಿದ್ದು ಇದೇ ಮೊದಲು.
'ಹೊಲಿಗೆ! ಹೊಲಿಗೆ ಜೋಪಾನ!' ಎಂದು ಕೂಗಿದೆ.
'ನೀನು ಹಾಕಿದ್ದಲ್ಲವಲ್ಲ, ಗಟ್ಟಿ ಇದೆ'
ಎಂದಿತು ಒಲೆಯಡಿಯ ದನಿ.
ಮೊದಲು ಒಂದು ಒಣ ಬಟಾಣಿ ಬಂತು,
ಆಮೇಲೆ ನೀಲಿ ಗುಂಡಿ,
ಆಮೇಲೆ ಧೂಳು ಸುತ್ತಿಕೊಂಡ ಪಿನ್ನು.

ಬಕಲು ಮಣಿಕಟ್ಟಿನ ನಡುವೆ ಬರುವಂತೆ
ಆರು ಗಂಟೆಯ ಕಡೆಗೆ ಸೇರಿಸಿದೆ, ಒಂದೇ ಕೊಂಡಿ.
ಕಿರುಬೆರಳು ನುಗ್ಗುವಷ್ಟು ಸಡಿಲವಿರಬೇಕು.
ನನ್ನದು ನುಗ್ಗಿತು. ಅಲ್ಲಿ ನಾಡಿ ತಾಗಿತು.
ಬೆರಳು ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

'ಇನ್ನೆರಡು?' ಕೇಳಿದ.
'ಯಾವ ಎರಡು?'
'ನೀನು ಮಲಗಿದ ಮೇಲೆ ಶೀಶೆ ಅಲುಗಿಸಿ ಕೇಳುತ್ತಿದ್ದೆ,
ಎಣಿಸಲು ಬರುವುದಿಲ್ಲವೇ ನನಗೆ?'

ಟವೆಲು ಕೊಡವಿದೆ. ಮುಚ್ಚಳ ತಿರುವಿದೆ.
ಶೀಶೆಯನ್ನು ಈ ಸಲ
ಉಪ್ಪಿನ ಡಬ್ಬಿಯ ಮುಂದೆ ಇಟ್ಟೆ.