ಏಳನೇ ಮನಿ

ಸೇಡಂ ರೋಡಿನ ದವಾಖಾನಿಯೊಳಗ
ಒಂಬತ್ತು ವರ್ಷ ನೆಲ ಒರೆಸೀನಿ.
ನೀಲಿ ನೀರು. ನೂರಕ್ಕ ತೊಂಬತ್ತೊಂಬತ್ತು ಕ್ರಿಮಿ ಸಾಯ್ತಾವಂತ.
ಉಳಿದೊಂದು ನಾನೇ ಇರಬೇಕು.

ಮೊದಲು ಬೆರಳಸಂದಿಯೊಳಗ ತುರಿಕಿ,
ಆಮ್ಯಾಲ ಗುಳ್ಳಿ, ಆಮ್ಯಾಲ ಬಿರುಕು.
ಶೇಂಗಾಹಿಂಡಿ ಮುಟ್ಟಿದರ ಕಣ್ಣಾಗ ನೀರು.
ಹಾಜರಿ ಮಷೀನು ಹೆಬ್ಬಟ್ಟು ನೋಡಿ
ಯಾರು ನೀನು ಅಂತದ, ದಿನಾ.

‘ಎಲ್ಲಾರಿಗೂ ಆಗವಲ್ದು, ನಿನಗಷ್ಟೇ ಯಾಕ?’
ಸೂಪರ್‌ವೈಜರ್ ಮಡಿವಾಳಪ್ಪನ ಸವಾಲು.
ನಂದೂ ಅದೇ ಸವಾಲು.

ಚರ್ಮದ ಡಾಕ್ಟರಮ್ಮ ಬೆನ್ನಿಗೆ ಪಟ್ಟಿ ಅಂಟಿಸಿದರು,
ಚೌಕಾಬಾರದ ಮನಿ ಬರದ್ಹಾಂಗ, ಹತ್ತು.
ಎರಡು ದಿನ ಜಳಕಿಲ್ಲ.
ಮೇ ತಿಂಗಳು, ಕಲಬುರಗಿ, ಇನ್ನೇನು ಹೇಳಲಿ.
ಕಿತ್ತಾಗ ಏಳನೇ ಮನಿ ಕೆಂಪಗ ಉಬ್ಬಿತ್ತಂತ.
ಬೆನ್ನು ನಂದು, ಕಂಡದ್ದು ಅವರಿಗೆ.

ನೀರು ಕೆಡಬಾರದಂತ ಕ್ಯಾನಿನೊಳಗ ಹಾಕೋ ಔಷಧ ಅದು.
ಹೆಸರು ನನ್ನ ಪಗಾರಕ್ಕಿಂತ ಉದ್ದ.
ಮಗಳು ಯಶೋಧರಾ ಇಂಗ್ಲಿಷಿನ್ಯಾಗ
ದಪ್ಪಗ ಬರೆದುಕೊಟ್ಟಾಳ.
ಚೀಟಿ ಕುಬಸದೊಳಗ ಅದ.

ಇವತ್ತು ಹೊಸ ಕ್ಯಾನ್ ಬಂತು. ಹಸಿರು ನೀರು.
‘ಬ್ಯಾರೆ ಕಂಪನಿ, ತಗೋ.’
ಚೀಟಿ ತೆಗೆದು, ಒಡದ ಬೆರಳು ಇರುವಿಯಂಥಾ ಅಕ್ಷರದ ಮ್ಯಾಲಿಟ್ಟು
ಒಂದಕ್ಕೊಂದು ಹೊಂದಿಸಕತ್ತೀನಿ.
‘ನಿನಗ ಓದ್ಲಿಕ್ಕ ಬರ್ತದೇನು?’

ತಡೀರಿ.
ಇನ್ನಾ ಮೂರಕ್ಷರ ಉಳದಾವ.